ಮದ್ದು ಎಷ್ಟುಂಟು?

ಇಪ್ಪತ್ತೆಂಟು ವರ್ಷ ನಾನು ನನ್ನ ಅಣ್ಣನನ್ನು ಕೆಳಗಿನಿಂದ ನೋಡಿದವನು. ಅವನ ಮುಖಕ್ಕಿಂತ ಅಂಗಾಲಿನ ಪರಿಚಯ ನನಗೆ ಹೆಚ್ಚು. ಅವನು ಅಡಿಕೆ ಮರ ಹತ್ತಿ ಗೊನೆಗಳಿಗೆ ಮದ್ದು ಬಿಡುವವನು, ನಾನು ಬುಡದಲ್ಲಿ ನಿಂತು ಪಂಪು ಒತ್ತುವವನು. ಮಳೆಗಾಲ ಹಿಡಿಯುವ ಮೊದಲು ಒಂದು ಸುತ್ತು, ಮಳೆ ನಡುವೆ ನಾಲ್ಕು ದಿನ ಬಿಡುವು ಕೊಟ್ಟಾಗ ಇನ್ನೊಂದು ಸುತ್ತು. ಮೈಲುತುತ್ತು, ಸುಣ್ಣ ಕಲಸಿದ ಆ ನೀಲಿ ನೀರು ಗೊನೆಗೆ ಬೀಳದಿದ್ದರೆ ಕೊಳೆರೋಗ ಬಂದು ಕಾಯಿ ಉದುರಿಹೋಗುತ್ತದೆ. ನರಿಮೊಗರು, ಕುಂಬ್ರ, ಆಚೆ ಕಡಬದವರೆಗೆ ನಾವಿಬ್ಬರು ಕಾಲಿಡದ ತೋಟ ಕಡಿಮೆ. ಜನ ಕರೆಯುತ್ತಿದ್ದುದು ಅವನನ್ನು. ಪಂಪು ಒತ್ತಲಿಕ್ಕೆ ಯಾರಾದರೂ ಆದೀತು ಎಂದು ಅವರ ಎಣಿಕೆ. ಆ ಮಾತು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪಂಪು ಯಾರು ಬೇಕಾದರೂ ಒತ್ತಬಹುದು, ನಿಜ. ಮೇಲಿನವನನ್ನು ನೋಡಲಿಕ್ಕೆ ಮಾತ್ರ ಎಲ್ಲರಿಂದ ಆಗುವುದಿಲ್ಲ. ಮರ ಹತ್ತಿದವನು ತಾನಾಗಿ ಸುಸ್ತಾಯಿತು ಎಂದು ಹೇಳಿ ಇಳಿಯುವುದಿಲ್ಲ. ಹಾಗೆ ಇಳಿದವನ ಸುದ್ದಿ ಅವನು ಮನೆ ಸೇರುವ ಮೊದಲೇ ಹೋಟೆಲಿಗೆ ತಲುಪಿರುತ್ತದೆ. ಮರುವರ್ಷ ಅವನನ್ನು ಯಾರೂ ಕರೆಯುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಕ್ರಮ ಇತ್ತು. ಇನ್ನು ಆಗುವುದಿಲ್ಲ ಎಂದು ಕಂಡಾಗ ಮೇಲಿನವನು ಒಂದೇ ಮಾತು ಕೇಳುತ್ತಾನೆ: "ಮದ್ದು ಎಷ್ಟುಂಟು?" ಕೆಳಗಿನವನು ಡ್ರಮ್ಮಿಗೆ ಇಣುಕಬಾರದು. ಅದು ಬಾಯಿವರೆಗೆ ತುಂಬಿದ್ದರೂ, "ಮುಗೀತು, ಜಪ್ಪು" ಎಂದು ಕೂಗಬೇಕು. ಜಪ್ಪು ಎಂದರೆ ತುಳುವಿನಲ್ಲಿ ಇಳಿ ಎಂದು. ತೋಟದ ಯಜಮಾನ ಪಕ್ಕದಲ್ಲೇ ನಿಂತು ತುಂಬಿದ ಡ್ರಮ್ಮನ್ನು ಕಣ್ಣಾರೆ ನೋಡುತ್ತಿದ್ದರೂ ಇದೇ ಮಾತು. ಅವರೂ ತುಟಿ ಬಿಚ್ಚುವುದಿಲ್ಲ. ಇಳಿದವನು ಬೆವರು ಒರೆಸಿಕೊಂಡು, ಬೆಲ್ಲ ತಿಂದು ನೀರು ಕುಡಿದು, ಸ್ವಲ್ಪ ಹೊತ್ತಾದ ಮೇಲೆ ಏನೂ ಆಗದವನ ಹಾಗೆ ಮತ್ತೆ ಹತ್ತುತ್ತಾನೆ.

ಅಣ್ಣ ಆ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ನಾಲ್ಕೈದು ಸಲ ಕೇಳಿರಬಹುದು. ಹೆಚ್ಚಿನ ಸಲ ಅವನು ಕೇಳುವ ಮೊದಲೇ ನಾನು ಕೂಗಿಬಿಡುತ್ತಿದ್ದೆ. ಅವನಿಗೆ ಕಷ್ಟವಾಗುತ್ತಿರುವುದು ನನಗೆ ಅವನ ಹಿಮ್ಮಡಿಯಿಂದ ಗೊತ್ತಾಗುತ್ತಿತ್ತು. ಹಿಮ್ಮಡಿ ಮರಕ್ಕೆ ಒತ್ತಿಕೊಳ್ಳುತ್ತಿತ್ತು, ಸೊಂಟ ಬಿಲ್ಲಿನ ಹಾಗೆ ಮುಂದೆ ಬಾಗುತ್ತಿತ್ತು. ಬೇರೆ ಯಾರಿಗೂ ಅದು ಕಾಣಿಸುತ್ತಿರಲಿಲ್ಲ. ಅವನ ಹೆಂಡತಿಗೂ ಕಾಣಿಸುತ್ತಿರಲಿಲ್ಲ.

ಇನ್ನೊಂದು ವಿಷಯ ಅವನ ಉಸಿರು. ಮೇಲೆ ಗಾಳಿ ತಿರುಗಿದರೆ ಬಿಟ್ಟ ಮದ್ದೆಲ್ಲ ಮುಖಕ್ಕೇ ಬರುತ್ತದೆ. ಹೆಗಲಿನ ಬೈರಾಸನ್ನು ಮೂಗುಬಾಯಿಗೆ ಕಟ್ಟಿಕೋ ಎಂದರೆ ಸೆಕೆ ಎನ್ನುತ್ತಿದ್ದ. ಎರಡು ಸಲ ಹೇಳಿದೆ, ಮೂರನೆಯ ಸಲ ನಾನೂ ಬಿಟ್ಟೆ. ಗಾಳಿ ತಿರುಗಿದಾಗ ಉಸಿರು ಹಿಡಿದುಬಿಡುವುದೇ ಅವನ ಮಾಸ್ಕು. ನಾನು ಕೆಳಗೆ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅರುವತ್ತು ದಾಟಿದರೂ ಅವನು ಬಿಡುತ್ತಿರಲಿಲ್ಲ. ನೀನು ಮೀನಾಗಿ ಹುಟ್ಟಬೇಕಿತ್ತು ಮಾರಾಯ, ದೇವರಿಗೆ ಅವಸರದಲ್ಲಿ ತಪ್ಪಿತು ಎಂದು ತಮಾಷೆ ಮಾಡುತ್ತಿದ್ದೆ. ಹಾಗಾದರೆ ನೀನು ಗಾಳ ಆಗಿ ಹುಟ್ಟುತ್ತಿದ್ದೆ, ಬಾಯಿ ಮುಚ್ಚಿ ಪಂಪು ಒತ್ತು ಎನ್ನುತ್ತಿದ್ದ.

ಕೆಮ್ಮು ಸುರುವಾದದ್ದು ಎರಡು ವರ್ಷದ ಹಿಂದೆ. ಮೊದಲು ಪುತ್ತೂರಿನಲ್ಲಿ ತೋರಿಸಿದೆವು, ಅವರು ಮಂಗಳೂರಿಗೆ ಕಳಿಸಿದರು. ಎಡ ಶ್ವಾಸಕೋಶದಲ್ಲಿ, ಹೃದಯಕ್ಕೆ ತಾಗಿದ ಹಾಗೆ ಒಂದು ಗಡ್ಡೆ. ಅದು ಕ್ಯಾನ್ಸರ್. ಅದರ ಸುತ್ತ ಎರಡೂ ಕಡೆ ಶ್ವಾಸಕೋಶದಲ್ಲಿ ಹಳೆಯ ಕಲೆಗಳು. ಬೀಡಿ ಎಷ್ಟು ಸೇದುತ್ತೀರಿ ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ಎದ್ದೇ ನಿಂತಳು. ಅವಳು ಸುಳ್ಯದ ಕಡೆಯವಳು, ಮಾತು ಕಡಿಮೆ. ಆದರೆ ಬೀಡಿ ಮುಟ್ಟದ ಗಂಡನಿಗೆ ಹಾಗೆ ಕೇಳಿದ್ದು ಅವಳಿಗೆ ಬೈದ ಹಾಗೆ ಆಯಿತು. ಹಾಗಾದರೆ ಇದು ಮೈಲುತುತ್ತಿನಿಂದ ಬಂದದ್ದಾ ಎಂದು ನಾನು ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಎಂದರು. ಡಾಕ್ಟರುಗಳಿಗೆ ಆ ಒಂದು ಉತ್ತರವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ. ಮೈಲುತುತ್ತು ಕಲಸಿದವನು ನಾನು. ಬೈರಾಸಿನ ಮಾತು ಮೂರನೆಯ ಸಲಕ್ಕೆ ಬಿಟ್ಟವನೂ ನಾನು.

ಊರಿನವರು ಸುಮ್ಮನಿರುತ್ತಾರಾ? ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿಕೊಂಡು ಬಂದರು. ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಸಿ ಎಂದು ಒಂದೇ ವಾರದಲ್ಲಿ ಒಂಬತ್ತು ಜನ ಎಲೆ ತಂದರು. ಒಂಬತ್ತನೆಯವರಿಗೆ, ಇನ್ನು ಎಲೆ ಬೇಡ, ಮರವನ್ನೇ ಕಿತ್ತು ತನ್ನಿ, ಜಗಲಿಯಲ್ಲಿ ನೆಡುವ ಎಂದುಬಿಟ್ಟೆ. ಅಣ್ಣ ಒಳಗಿನಿಂದ ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ರಕ್ತ ಬಂತು. ಆಮೇಲೆ ನಾನು ಆ ಮನೆಯಲ್ಲಿ ತಮಾಷೆ ಮಾಡುವುದನ್ನು ಕಡಿಮೆ ಮಾಡಿದೆ.

ಮಂಗಳೂರಿನ ಡಾಕ್ಟರು ಹೇಳಿದ್ದು ಇಷ್ಟು. ಅದು ಇರುವ ಜಾಗದಲ್ಲಿ ಆಪರೇಶನ್ ಕಷ್ಟ. ಸಾಧಾರಣ ರೇಡಿಯೇಶನ್ ಕೊಟ್ಟರೆ ಕಿರಣ ಗಡ್ಡೆಯನ್ನು ದಾಟಿ ಆಚೆ ಬದಿಯಿಂದ ಹೊರಗೆ ಹೋಗುತ್ತದೆ, ಹೋಗುವ ದಾರಿಯಲ್ಲಿ ಉಳಿದಿರುವ ಒಳ್ಳೆಯ ಶ್ವಾಸಕೋಶವನ್ನೂ ಸುಡುತ್ತದೆ. ಇವನಿಗೆ ಉಳಿದಿರುವುದೇ ಸ್ವಲ್ಪ. ಪ್ರೋಟಾನ್ ಎಂಬ ಒಂದು ಉಂಟು, ತಮಿಳುನಾಡಿನಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಅಲ್ಲಿ ತೆಗೆದುಕೊಂಡರೆ ತೆಗೆದುಕೊಂಡರು, ಇಲ್ಲದಿದ್ದರೆ ಇನ್ನು ನೋವಿಗೆ ಮಾತ್ರೆ ಕೊಡಬಹುದು ಅಷ್ಟೇ.

ನಮಗೆ ಆ ಊರಿನಲ್ಲಿ ಯಾರೂ ಇರಲಿಲ್ಲ. ಕುಂಬ್ರದಲ್ಲಿ ನಾವು ಮೈಲುತುತ್ತು ಕೊಳ್ಳುತ್ತಿದ್ದ ಅಂಗಡಿಯ ಬ್ಯಾರಿಯ ಹತ್ತಿರ ಈ ಸುದ್ದಿ ಹೇಳಿದಾಗ ಅವರು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. ಅವರ ಭಾವ ಅಲ್ಲಿ ಅಂಗಡಿ ಇಟ್ಟಿದ್ದಾರಂತೆ. ಫೋನು ಹಚ್ಚಿ ತಮ್ಮ ಭಾಷೆಯಲ್ಲಿ ಐದು ನಿಮಿಷ ಮಾತಾಡಿ ನಮ್ಮ ಕಡೆ ತಿರುಗಿ, ಆಸ್ಪತ್ರೆಯ ಹತ್ತಿರವೇ ರೂಮು ಆಯಿತು, ಗಂಜಿ ಬೇಯಿಸಲಿಕ್ಕೆ ಜಾಗ ಉಂಟು, ನಾಳೆಯೇ ಹೊರಡಿ ಎಂದರು. ಅಣ್ಣ, ಅತ್ತಿಗೆ, ನಾನು, ಮೂವರು ಹೊರಟೆವು.

ಅಲ್ಲಿನ ಡಾಕ್ಟರು ಒಬ್ಬ ಹೆಂಗಸು, ಮೈಸೂರಿನ ಕಡೆಯವರು. ನಮ್ಮ ಕನ್ನಡ ಕೇಳಿ ಅವರಿಗೆ ಖುಷಿಯಾಯಿತು, ನಮಗೆ ಜೀವ ಬಂದ ಹಾಗಾಯಿತು. ಅವರು ಒಂದು ಕಾಗದದಲ್ಲಿ ಚಿತ್ರ ಬರೆದು ತಿಳಿಸಿದರು. ಪ್ರೋಟಾನ್ ದೇಹದ ಒಳಗೆ ಇಷ್ಟು ಆಳಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತದೆ, ಅದರ ಪೆಟ್ಟೆಲ್ಲ ನಿಂತ ಜಾಗದಲ್ಲಿ, ಆಚೆಗೆ ಹೋಗುವುದಿಲ್ಲ. ನನಗೆ ಕೂಡಲೇ ಅರ್ಥವಾಯಿತು. ನಾನು ಪಂಪು ಒತ್ತುವುದೂ ಹಾಗೆಯೇ. ನೀರು ಗೊನೆಗೆ ಮುಟ್ಟಿ ಅಲ್ಲೇ ಒಡೆದು ಬೀಳಬೇಕು. ಹೆಚ್ಚು ಒತ್ತಿದರೆ ಗೊನೆ ದಾಟಿ ಗುಡ್ಡೆಗೆ ಹೋಗುತ್ತದೆ. ಅದನ್ನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಸರಿಯಾಗಿ ಹಿಡಿದಿರಿ, ಆದರೆ ಮರ ಅಲ್ಲಾಡಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅಲ್ಲಾಡುವುದು ನಿಲ್ಲುವವರೆಗೆ ಕಾಯುತ್ತೇವೆ ಎಂದೆ.

ಇಲ್ಲಿನ ಕಷ್ಟವೂ ಅದೇ ಆಗಿತ್ತು. ಉಸಿರಾಡಿದ ಹಾಗೆ ಗಡ್ಡೆ ಮೇಲೆ ಕೆಳಗೆ ಹೋಗುತ್ತದೆ, ಹೃದಯವೂ ಜರುಗುತ್ತದೆ. ಅಷ್ಟು ಮಾತ್ರ ಅಲ್ಲ, ಪ್ರೋಟಾನ್ ಗಾಳಿ ತುಂಬಿದ ಶ್ವಾಸಕೋಶದಲ್ಲಿ ಒಂದು ದೂರ ಹೋಗುತ್ತದೆ, ಗಾಳಿ ಕಡಿಮೆಯಾದರೆ ಬೇರೆ ದೂರ. ಹಾಗಾಗಿ ರೋಗಿ ಆಳವಾಗಿ ಉಸಿರು ತೆಗೆದು, ಪ್ರತಿ ಸಲ ಅಷ್ಟಕ್ಕೆ ಅಷ್ಟೇ ತುಂಬಿಸಿ, ಇಪ್ಪತ್ತು ಸೆಕೆಂಡು ಹಿಡಿಯಬೇಕು. ಆಗ ಮಾತ್ರ ಕಿರಣ ಬಿಡುತ್ತಾರೆ. ಉಸಿರು ಬಿಟ್ಟಾಗ ನಿಲ್ಲಿಸುತ್ತಾರೆ. ಒಂದು ದಿನದ ಸಿಟ್ಟಿಂಗಿಗೆ ಹೀಗೆ ಹತ್ತು ಹನ್ನೆರಡು ಸಲ, ಒಟ್ಟು ಮೂವತ್ತು ಸಿಟ್ಟಿಂಗು. ಇಂಥ ಶ್ವಾಸಕೋಶ ಇಟ್ಟುಕೊಂಡು ಇವರಿಂದ ಹಿಡಿಯಲಿಕ್ಕೆ ಆಗುವುದು ಸಂಶಯ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ನನಗೆ ನಗು ಬಂತು. ಉಸಿರು ಹಿಡಿಯುವುದನ್ನು ನನ್ನ ಅಣ್ಣನಿಗೆ ಹೇಳಿಕೊಡುವುದಾ!

ಪರೀಕ್ಷೆಯ ದಿನ ಅವನನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟರು. ಮೇಲೆ ಮಾಡಿನಲ್ಲಿರುವ ಕ್ಯಾಮೆರಾ ಆ ಡಬ್ಬಿಯನ್ನು ನೋಡುತ್ತದೆ. ಡಬ್ಬಿ ಏರಿದರೆ ಹೊರಗೆ ಟಿವಿಯಲ್ಲಿ ಒಂದು ಗೆರೆ ಏರುತ್ತದೆ. ಗೆರೆ ಹಸಿರು ಪಟ್ಟಿಯ ಒಳಗೆ ನಿಂತರೆ ಉಸಿರು ಸರಿಯಾಗಿ ತುಂಬಿದೆ ಎಂದು ಲೆಕ್ಕ. ಒಳಗೆ ಯಾರೂ ಇರುವ ಹಾಗಿಲ್ಲ, ಮೈಕಿನಲ್ಲಿ ಹೇಳಬೇಕು. ಟೆಕ್ನಿಷಿಯನ್ ತಮಿಳಿನವನು, ಒಳ್ಳೆಯ ಹುಡುಗ, ನಮ್ಮ ಮಾತು ಎರಡು ಕಲಿತು ಹೇಳಿದ. ಗುರುತಿಲ್ಲದ ಸ್ವರ ಕೇಳಿ ಅಣ್ಣ ಬೆಚ್ಚಿದ, ಗೆರೆ ಹಾರಿತು. ಮೂರು ಸಲ ಹೀಗೇ ಆಯಿತು. ಡಾಕ್ಟರು ನನ್ನನ್ನು ಒಳಗೆ ಕರೆಸಿ ಮೈಕಿನ ಎದುರು ಕೂರಿಸಿದರು.

"ತಗೊ," ಎಂದೆ. "ಹಿಡಿ."

ಗೆರೆ ಏರಿ ಹಸಿರು ಪಟ್ಟಿಯ ನಡುವಿಗೆ ಬಂದು ಹಲಗೆಯಲ್ಲಿ ಎಳೆದ ಹಾಗೆ ನಿಂತಿತು. ಇಪ್ಪತ್ತು ಆಯಿತು, ಮೂವತ್ತು ಆಯಿತು. ಟೆಕ್ನಿಷಿಯನ್ ನನ್ನ ಬೆನ್ನಿಗೆ ತಟ್ಟಿದ. ನಾನು ಬಿಡು ಎನ್ನುವವರೆಗೆ ಅದು ಅಲ್ಲಾಡಲಿಲ್ಲ. ಇಷ್ಟು ಚಂದ ಹಿಡಿದವರನ್ನು ನೋಡಲಿಲ್ಲ ಎಂದು ಡಾಕ್ಟರೇ ಹೇಳಿದರು. ಅಣ್ಣನನ್ನು ಅವರು ತೆಗೆದುಕೊಂಡರು, ಹಿಡಿದ ಉಸಿರಿಗೇ ಲೆಕ್ಕ ಹಾಕಿ ಪ್ಲಾನು ಮಾಡಿದರು, ದಿನಾ ಬಂದು ಮೈಕಿನಲ್ಲಿ ಕೂತುಕೊಳ್ಳಿ ಎಂದು ನನಗೆ ಹೇಳಿದರು. ಕುಂಬ್ರದ ಅಂಗಡಿಗೆ ಫೋನು ಮಾಡಿ ಇದನ್ನೆಲ್ಲ ನಾನು ಕೊಚ್ಚಿಕೊಂಡೆ. ಪಂಪು ಒತ್ತಲಿಕ್ಕೆ ಯಾರಾದರೂ ಆದೀತು ಎನ್ನುವವರು ಬಂದು ಈಗ ನೋಡಬೇಕು ಎಂದು ಅನಿಸಿದ್ದು ಸುಳ್ಳಲ್ಲ.

ಎರಡು ವಾರ ಎಲ್ಲವೂ ಸರಿಯಾಗಿ ಹೋಯಿತು. ಬೆಳಿಗ್ಗೆ ಗಂಜಿ ಉಂಡು ಮೂವರೂ ನಡೆದುಕೊಂಡು ಹೋಗುವುದು, ಅತ್ತಿಗೆ ಹೊರಗೆ ಬೆಂಚಿನಲ್ಲಿ ಕೂರುವುದು, ನಾನು ಒಳಗೆ. ಪ್ರತಿದಿನ ಮೊದಲ ಸಲ ಉಸಿರು ಹಿಡಿದಾಗ ಅವರು ಒಂದು ಎಕ್ಸ್‌ರೇ ತೆಗೆದು ಎಲುಬೆಲ್ಲ ಜಾಗದಲ್ಲಿ ಉಂಟಾ ಎಂದು ನೋಡುತ್ತಿದ್ದರು. ಸೋಮವಾರ ಸೋಮವಾರ ದೊಡ್ಡ ಸ್ಕ್ಯಾನು. ಉಳಿದದ್ದಕ್ಕೆಲ್ಲ ಡಬ್ಬಿಯೇ ಸಾಕ್ಷಿ. ಮೂರನೆಯ ವಾರಕ್ಕೆ ಅಣ್ಣ ಸೋತುಹೋದ. ಅನ್ನ ಇಳಿಯುತ್ತಿರಲಿಲ್ಲ. ರೂಮಿನ ನಾಲ್ಕು ಮೆಟ್ಟಿಲು ಹತ್ತಿ ನಿಂತುಬಿಡುತ್ತಿದ್ದ, ಚಪ್ಪಲಿಯ ಪಟ್ಟಿ ಸರಿಮಾಡುವವನ ಹಾಗೆ ಬಗ್ಗುತ್ತಿದ್ದ. ಡಾಕ್ಟರು ದಿನಾ ಕೇಳುತ್ತಿದ್ದರು, ಆಗುತ್ತದಾ ಎಂದು. ಆಗುತ್ತದೆ ಎನ್ನುತ್ತಿದ್ದ.

ಆ ವಾರದ ಬುಧವಾರ. ಮೊದಲ ಎರಡು ಸಲ ನನ್ನ ಅಣ್ಣ ಉಸಿರು ನಿಜವಾಗಿಯೇ ಹಿಡಿದ. ಎಕ್ಸ್‌ರೇ ಸರಿ ಬಂತು. ಮೂರನೆಯ ಸಲ ಹಿಡಿ ಎಂದೆ, ಗೆರೆ ಏರಿತು, ಪಟ್ಟಿಯ ಒಳಗೆ ನಿಂತಿತು. ಟೆಕ್ನಿಷಿಯನ್ ಗೆರೆಯನ್ನೇ ನೋಡುತ್ತಿದ್ದ. ನನಗೆ ಗೆರೆ ನೋಡಿ ಅಭ್ಯಾಸ ಇಲ್ಲ. ನಾನು ಪಕ್ಕದ ಇನ್ನೊಂದು ಟಿವಿಯಲ್ಲಿ ಅವನನ್ನು ನೋಡುತ್ತಿದ್ದೆ. ಕಾಲಿನ ಕಡೆಯಿಂದ ತೋರಿಸುವ ಕ್ಯಾಮೆರಾ ಅದು. ಅವನ ಹಿಮ್ಮಡಿ ಮೇಜಿಗೆ ಒತ್ತಿಕೊಂಡಿತು. ಸೊಂಟ ಬಿಲ್ಲಿನ ಹಾಗೆ ಮೇಲೆದ್ದಿತು.

ಅವನು ಉಸಿರು ತುಂಬಿಸಿರಲಿಲ್ಲ. ತುಂಬಿಸಲಿಕ್ಕೆ ಅವನಿಂದ ಆಗುತ್ತಿರಲಿಲ್ಲ. ಬೆನ್ನು ಬಾಗಿಸಿ ಹೊಟ್ಟೆಯನ್ನು ಮೇಲೆ ದೂಡಿ ಡಬ್ಬಿಯನ್ನು ಏರಿಸಿದ್ದ. ಮೆಶಿನು ಡಬ್ಬಿಯನ್ನು ನಂಬಿತು. ಒಳಗೆ ಕಿರಣ ಬಿಡುವ ಟಕ್ ಟಕ್ ಸದ್ದು ಕೇಳಿತು. ಬಿಡು ಎಂದೆ, ಬಿಟ್ಟ. ಮುಂದಿನ ಸಲವೂ ಹಾಗೆಯೇ ಮಾಡಿದ, ಅದರ ಮುಂದಿನದ್ದೂ ಹಾಗೆಯೇ.

ಎಂಟು ಮುಗಿದಾಗ ಅವನ ಸ್ವರ ಸ್ಪೀಕರಿನಲ್ಲಿ ಬಂತು. "ಇನ್ನು ಎಷ್ಟುಂಟು?"

ಟೆಕ್ನಿಷಿಯನ್ ನಾಲ್ಕು ಬೆರಳು ತೋರಿಸಿದ.

"ನಾಲ್ಕುಂಟು," ಎಂದೆ.

ಟಿವಿಯಲ್ಲಿ ಅವನ ಹಿಮ್ಮಡಿ ಪುನಃ ಮೇಜಿಗೆ ಒತ್ತಿಕೊಂಡಿತು. ಆಮೇಲೆ, ಆಯ್ತು ಎಂದ.

ಅವತ್ತು ನಾನು ಯಾಕೆ ಹೇಳಲಿಲ್ಲ? ಇದನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಹೇಳಿದರೆ ಅವನನ್ನು ಮನೆಗೆ ಕಳಿಸುತ್ತಾರೆ ಎಂದು ಹೆದರಿಕೆ ಇತ್ತು; ಉಸಿರು ಹಿಡಿಯಲಿಕ್ಕಾಗದವರಿಗೆ ಇದು ಕಷ್ಟ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರಲ್ಲ. ಅವನಿಗೆ ಅವಮಾನವಾಗುತ್ತದೆ ಎಂದು ಇತ್ತು. ಅವನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನಾನು ಬಿಚ್ಚಿಡುವುದು ಹೇಗೆ ಎಂದು ಇತ್ತು. ಮತ್ತೊಂದು ಇತ್ತು, ಅದನ್ನೂ ಬರೆಯುತ್ತೇನೆ. ಹಿಡಿಯುವುದು ನಿಂತರೆ ಮೈಕಿನಲ್ಲಿ ನಾನು ಬೇಡ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನಾನಿಲ್ಲದೆ ಕೆಲಸ ಸುರುವಾಗುತ್ತಿರಲಿಲ್ಲ. ಆ ಕುರ್ಚಿ ನನಗೆ ರುಚಿಸಿತ್ತು. ಥೂ.

ಗುರುವಾರವೂ ಹಾಗೆಯೇ ಆಯಿತು. ಹಿಮ್ಮಡಿ ಒತ್ತಿತು, ಸೊಂಟ ಎದ್ದಿತು, ಗೆರೆ ನಿಂತಿತು. ಇನ್ನು ಎಷ್ಟುಂಟು ಎಂದು ಕೇಳಿದ. ಲೆಕ್ಕ ಹೇಳಿದೆ. ಶುಕ್ರವಾರ ಅವನು ಬೇಗ ಕೇಳಿದ, ಐದು ಬಾಕಿ ಇತ್ತು, ಹೇಳಿದೆ. ರೂಮಿಗೆ ಹೋಗುವ ದಾರಿಯಲ್ಲಿ ಅತ್ತಿಗೆ ನನ್ನ ಮುಖವನ್ನು ಎರಡು ಮೂರು ಸಲ ನೋಡಿದಳು. ಶನಿವಾರ, ಭಾನುವಾರ ಸಿಟ್ಟಿಂಗು ಇಲ್ಲ. ಆ ಎರಡು ದಿನ ಅವನು ಗೋಡೆಗೆ ಒರಗಿ ಕೂತು ಉಸಿರು ಎಳೆಯುವುದನ್ನು ನೋಡುತ್ತಿದ್ದೆ. ಒಂದೊಂದನ್ನೂ ಬಾವಿಯಿಂದ ಸೇದಿದ ಹಾಗೆ ಸೇದುತ್ತಿದ್ದ.

ಸೋಮವಾರ ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಎದ್ದು ಬಾಗಿಲು ಹಾಕಿ ಬಂದು ಕೂತು, ಎಷ್ಟು ದಿನದಿಂದ ಎಂದು ಕೇಳಿದರು.

"ಮೂರು ದಿನ," ಎಂದೆ.

ಅವರು ಕಾಗದದಲ್ಲಿ ಮೂರು ಎಂದು ಬರೆದು ಅದರ ಸುತ್ತ ಸುಮ್ಮನೆ ಗೆರೆ ಎಳೆಯುತ್ತಿದ್ದರು. ಗಾಳಿ ತುಂಬದಿದ್ದಾಗ ಗಡ್ಡೆ ಎಲ್ಲಿರುತ್ತದೆ, ಹೃದಯ ಎಲ್ಲಿಗೆ ಬರುತ್ತದೆ ಎಂದು ನಾನು ಕೇಳಿದೆ. ಹತ್ತಿರ ಬರುತ್ತದೆ ಎಂದರು. ಕಿರಣ ಎಲ್ಲಿ ನಿಂತಿರಬಹುದು ಎಂದು ಕೇಳಿದೆ. ನೋಡಬೇಕು ಎಂದರು. ಅವತ್ತು ಸಿಟ್ಟಿಂಗು ನಿಲ್ಲಿಸಿದರು. ಸ್ಕ್ಯಾನು ಮಾಡಿದರು. ಅಣ್ಣನನ್ನು ಕೂರಿಸಿ, ಉಸಿರು ಹಿಡಿಯುವುದು ಇನ್ನು ಬೇಡ, ಸಾಧಾರಣ ಹೇಗೆ ಆಡುತ್ತೀರೋ ಹಾಗೆ ಆಡಿ, ಹೊಟ್ಟೆಗೆ ಒಂದು ಬೆಲ್ಟು ಬಿಗಿದು ಅಲ್ಲಾಟ ಕಡಿಮೆ ಮಾಡುತ್ತೇವೆ, ಕಿರಣವನ್ನು ಸ್ವಲ್ಪ ಸ್ವಲ್ಪವೇ ಹಲವು ಸಲ ಹಾಯಿಸುತ್ತೇವೆ, ಹೊಸ ಪ್ಲಾನಿಗೆ ಕೆಲವು ದಿನ ಬೇಕು ಎಂದು ತಿಳಿಸಿದರು. ಇಷ್ಟು ಸುಲಭದಲ್ಲಿ ಬೇರೆ ದಾರಿ ಇತ್ತು. ಮನೆಗೆ ಕಳಿಸುವ ಮಾತೇ ಬರಲಿಲ್ಲ.

ಅಣ್ಣ ನನ್ನ ಕಡೆ ನೋಡಲಿಲ್ಲ. ರೂಮಿಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದ. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಸಿಟ್ಟು ಎಂದು ತಿಳಿದುಕೊಂಡೆ. ಸಿಟ್ಟು ಮಾಡಲಿ, ಬದುಕಿದರೆ ಸಾಕು ಎಂದುಕೊಂಡೆ. ಎರಡು ದಿನದ ಮೇಲೆ ಅವನಾಗಿಯೇ ಮಾತಾಡಿದ, ಸಂತೆಯಿಂದ ಬಾಳೆಹಣ್ಣು ತರಲಿಕ್ಕೆ ಹೇಳಿದ. ಆ ವಿಷಯ ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಉಳಿದ ಸಿಟ್ಟಿಂಗುಗಳು ಮುಗಿಯುವವರೆಗೆ ನಾನು ಹೊರಗೆ ಅತ್ತಿಗೆಯ ಪಕ್ಕದಲ್ಲಿ ಬೆಂಚಿನಲ್ಲಿ ಕೂತೆ.

ಊರಿಗೆ ಬಂದ ಮೇಲೆ ಎರಡು ತಿಂಗಳು ಚಂದ ಇದ್ದ. ಗಡ್ಡೆ ಸಣ್ಣದಾಗಿದೆ ಎಂದರು. ಕಡಬದ ಹತ್ತಿರ ಒಂದು ತೋಟದಲ್ಲಿ ಹೊಸ ದೋಟಿ ತೋರಿಸುತ್ತಾರೆ ಎಂದಾಗ ಜೀಪಿನಲ್ಲಿ ಕರೆದುಕೊಂಡು ಹೋದೆ. ಹಗುರದ ಉದ್ದ ಕೋಲು, ತುದಿಗೆ ಮದ್ದಿನ ಪೈಪು. ಮರ ಹತ್ತುವುದೇ ಬೇಡ, ನೆಲದಲ್ಲಿ ನಿಂತು ಬಿಡಬಹುದು. ಅಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿ, ಇನ್ನು ಮೇಲಿನವನೂ ಬೇಡ ಕೆಳಗಿನವನೂ ಬೇಡ, ನಿನ್ನ ಕತೆ ಮುಗೀತು ಎಂದು ನನ್ನನ್ನು ಕೆಣಕಿದ. ಅವನು ನಕ್ಕದ್ದು ನಾನು ನೋಡಿದ್ದು ಅದೇ ಕೊನೆ.

ಮಾರ್ಚಿನಲ್ಲಿ ಕಾಲು ಊದಿಕೊಂಡಿತು. ಹೃದಯದ ಸುತ್ತ ನೀರು ತುಂಬಿದೆ ಎಂದರು, ತೆಗೆದರು, ಮತ್ತೆ ತುಂಬಿತು. ಗಡ್ಡೆಯೂ ಬೇರೆ ಕಡೆ ತಲೆ ಎತ್ತಿತ್ತು. ನಾನು ತಮಿಳುನಾಡಿನ ಡಾಕ್ಟರಿಗೆ ಫೋನು ಮಾಡಿದೆ. ಆ ಮೂರು ದಿನದಿಂದ ಆದದ್ದಾ ಎಂದು ಕೇಳಿದೆ. ರೋಗದಿಂದಲೂ ನೀರು ತುಂಬುತ್ತದೆ, ಕಿರಣದಿಂದಲೂ ಆಗಬಹುದು, ಹೇಳಲಿಕ್ಕಾಗುವುದಿಲ್ಲ ಎಂದರು. ಮರುದಿನ ಪುನಃ ಮಾಡಿದೆ, ಅದೇ ಹೇಳಿದರು. ಮೂರನೆಯ ಸಲ ಮಾಡಿದಾಗ ಅವರು ನನ್ನ ಹೆಸರು ಹಿಡಿದು ಕರೆದು, ಊಟ ಮಾಡಿದಿರಾ ಎಂದು ಕೇಳಿದರು. ನಾನು ಫೋನು ಇಟ್ಟುಬಿಟ್ಟೆ.

ಮದ್ದು ಬಿಡುವ ಕಾಲ ಬರುವ ಮೊದಲೇ, ಮೇ ತಿಂಗಳ ಒಂದು ಮಧ್ಯಾಹ್ನ ಅಣ್ಣ ಹೋದ. ಅವನ ಎದೆ ಏರಿ ಇಳಿಯುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಏರಿತು, ಇಳಿಯಿತು, ಪುನಃ ಏರಲಿಲ್ಲ. ನಾನು ಆಗಲೂ ಎಣಿಸುತ್ತಿದ್ದೆ. ಅರುವತ್ತು ದಾಟಿದ ಮೇಲೂ ಎಣಿಸಿದೆ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತಿಗೆ ಅಂಗಳದಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆದು ಬಿಸಿಲಿಗೆ ಕವುಚಿ ಹಾಕುತ್ತಿದ್ದಳು. ನಾನು ಹೋಗಿ ಮೆಟ್ಟಿಲಲ್ಲಿ ಕೂತೆ. ಇನ್ನು ಇದನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಅವನು ಬೆನ್ನು ಬಾಗಿಸಿ ಡಬ್ಬಿ ಏರಿಸುತ್ತಿದ್ದುದು, ನಾನು ಅದನ್ನು ಬುಧವಾರವೇ ಕಂಡದ್ದು, ಮೂರು ದಿನ ಸುಮ್ಮನಿದ್ದದ್ದು. ಕೊನೆಗೆ ನಾನು ಹೇಳಿಬಿಟ್ಟದ್ದಕ್ಕೆ ಅವನಿಗೆ ನನ್ನ ಮೇಲೆ ಸಿಟ್ಟು ಇದ್ದದ್ದನ್ನೂ ಹೇಳಿದೆ.

ಅತ್ತಿಗೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ದಕ್ಕೆ ಅವರಿಗೆ ಸಿಟ್ಟು ಇರ್ಲಿಲ್ಲ," ಎಂದಳು. "ಬುಧವಾರವೇ ನನ್ನ ಹತ್ರ ಹೇಳಿದ್ದಾರೆ, ಇನ್ನು ನನ್ನಿಂದ ಆಗುದಿಲ್ಲ ಅಂತ. ಡಾಕ್ಟರ ಹತ್ರ ಹೇಳಿ ಅಂದೆ. ಬೇಡ, ಅವ ನೋಡ್ತಾ ಇದ್ದಾನೆ, ಅವನೇ ಇಳಿ ಅಂತ ಹೇಳ್ತಾನೆ ಅಂದ್ರು. ಗುರುವಾರ ಕೇಳಿದೆ, ಹೇಳಿದನಾ ಅಂತ. ಇಲ್ಲ, ಎಷ್ಟುಂಟು ಅಂತ ಕೇಳಿದೆ, ಲೆಕ್ಕ ಹೇಳಿದ ಅಂದ್ರು."

ತೊಳೆದ ಪಾತ್ರೆಯನ್ನು ಎತ್ತಿ ನೀರು ಬಸಿದು ಕವುಚಿದಳು.

"ಶುಕ್ರವಾರವೂ ಅದೇ ಅಂದ್ರು. ಅವನಿಗೆ ನಾನು ಕಾಣುದಿಲ್ಲವಾ ಅಂತ ನನ್ನ ಹತ್ರ ಕೇಳಿದ್ರು."

ನನಗೆ ಕಾಣುತ್ತಿತ್ತು. ಡ್ರಮ್ಮು ತುಂಬಿದ್ದರೂ ಮುಗೀತು ಎಂದು ಕೂಗಬೇಕಾಗಿದ್ದವನು ನಾನು. ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ನಾಲ್ಕುಂಟು ಎಂದಿದ್ದೆ.